ಬೆಟ್ಟದ ಬೆಂಕಿ ರೇಖೆಗೆ ಕಳೆ ಕೊಚ್ಚುವ ಮಷಿನ್ನೋ, ಬ್ಲೋವರೋ?

ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು) ಕಾಯುವವರು ಬೆಂಕಿ ರೇಖೆಗೆ, ಅಂದರೆ ಬೆಂಕಿ ದಾಟದಂತೆ ಎಲೆ–ಹುಲ್ಲು ತೆಗೆದ ಪಟ್ಟಿಗೆ, ಗಾಳಿ ಊದುವ ಬ್ಲೋವರ್ ತಗೊಳ್ಳಿ. ನಾನು ಮೊದಲು ತಂದದ್ದು ಕಳೆ ಕೊಚ್ಚುವ ಮಷಿನ್. ಅದರಿಂದ ಒಂದು ಬೇಸಿಗೆ ವ್ಯರ್ಥವಾಯಿತು.

ನಮ್ಮದು ಶಿರಸಿ ಕಡೆಯ ಅಡಿಕೆ ತೋಟ. ಇಲ್ಲಿ ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಇರುತ್ತದೆ. ನೆಲ ಸರ್ಕಾರದ್ದು, ಸೊಪ್ಪು–ದರಕಿನ (ಉದುರಿದ ಒಣ ಎಲೆ) ಹಕ್ಕು ನಮ್ಮದು, ಕಾಯುವ ಕೆಲಸವೂ ನಮ್ಮದೇ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರದ ಪಟ್ಟಿಗೆ ಸೇರಿದವು. ಮುಂದಿನ ಫೆಬ್ರವರಿಗೆ ಕರಡ (ಬೆಟ್ಟದ ಹುಲ್ಲು) ಪೂರ್ತಿ ಒಣಗಿ ನಿಂತಿತ್ತು. ರಸ್ತೆ ಕಡೆಯಿಂದ ಬೆಂಕಿ ಬಂತು. ದಪ್ಪ ತೊಗಟೆಯ ಮತ್ತಿ ಮರಗಳು ಉಳಿದವು. ನೆಟ್ಟು ಬೆಳೆಸಿದ ಹೊನ್ನೆ ಸಸಿಗಳು ಹೋದವು. ಅವನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಅದಾದ ಮೇಲೆ ಮಷಿನ್ ತಂದೆ. ನೈಲಾನ್ ದಾರ ಕುರುಚಲು ಗಿಡಕ್ಕೆ ತಾಗಿ ಪದೇ ಪದೇ ತುಂಡಾಗುತ್ತಿತ್ತು. ಬ್ಲೇಡ್ ಹಾಕಿದೆ. ಅದು ಬೆಣಚುಕಲ್ಲಿಗೆ ಬಡಿದಾಗ ಕಿಡಿ ಹಾರಿತು. ಸುತ್ತ ಒಣ ಕರಡ! ಅವತ್ತೇ ನಿಲ್ಲಿಸಿದೆ. ಬೆಂಕಿ ತಡೆಯಲು ಹೋದವನೇ ಬೆಂಕಿ ಹಚ್ಚಿಬಿಡುತ್ತಿದ್ದೆ. ಪೆಟ್ರೋಲ್ ಹಾಕಲು ಕೆಳಗಿಟ್ಟರೂ ಭಯ, ಸೈಲೆನ್ಸರ್ ಕಾದಿರುತ್ತದೆ. ಇಷ್ಟೆಲ್ಲ ಮಾಡಿದರೂ ಕೊಚ್ಚಿದ ಹುಲ್ಲು ರೇಖೆಯ ಮೇಲೆಯೇ ಬಿದ್ದಿರುತ್ತದೆ. ಅದನ್ನು ಮತ್ತೆ ಗುಡಿಸಬೇಕು. ಹಾಗಾದರೆ ಕೊಚ್ಚಿ ಏನು ಬಂತು?

ಕೈಯಲ್ಲಿ ಗುಡಿಸಿದಷ್ಟು ಚೊಕ್ಕ ಬೇರೆ ಯಾವುದೂ ಇಲ್ಲ. ಆದರೆ ಆಳು ಸಿಗಬೇಕಲ್ವಾ?

ಸುಟ್ಟು ರೇಖೆ ಮಾಡುವುದು ಬೇಡವೇ ಬೇಡ. ಗಾಳಿ ತಿರುಗಿದರೆ ಮನೆಯ ಇಬ್ಬರಿಂದ ಆರಿಸಲು ಆಗದು.

ಬ್ಲೋವರನ್ನು ಬೆನ್ನಿಗೆ ಹಾಕಿಕೊಂಡು ನಡೆಯುತ್ತಾ ಊದಿದರೆ ದರಕು ಪಕ್ಕಕ್ಕೆ ಸರಿದು ಮಣ್ಣು ಕಾಣುತ್ತದೆ. 12 ಅಡಿ ಅಗಲ ಬಿಡುತ್ತೇನೆ. ಕರಡವನ್ನು ಮಾತ್ರ ಅದು ಕೀಳುವುದಿಲ್ಲ. ಅದನ್ನು ನವೆಂಬರ್‌ನಲ್ಲಿ, ಇನ್ನೂ ಹಸಿ ಇರುವಾಗಲೇ ಕತ್ತಿಯಲ್ಲಿ ಕೊಯ್ದು ತರುತ್ತೇವೆ. ಎಲೆ ಮತ್ತೆ ಉದುರುವುದರಿಂದ ಜನವರಿಯಿಂದ ಮಾರ್ಚ್‌ವರೆಗೆ ತಿಂಗಳಿಗೊಮ್ಮೆ ಊದಲೇಬೇಕು. ಒಂದು ಸಲ ಊದಿ ಸುಮ್ನೆ ಕೂತರೆ ಪ್ರಯೋಜನವಿಲ್ಲ. ಸದ್ದು ಜಾಸ್ತಿ, ಕಿವಿಗೆ ಇಯರ್ ಮಫ್ ಹಾಕಿಕೊಳ್ಳಿ, ಹತ್ತಿ ಸಾಲದು.

ಒಬ್ಬರಿಗೆ ದುಬಾರಿಯಾದರೆ ಪಕ್ಕದ ಬೆಟ್ಟದವರ ಜೊತೆ ಸೇರಿ ಕೊಳ್ಳಿ. ನಾವು ಹಾಗೇ ಮಾಡಿದ್ದು. ಎರಡೂ ಬೆಟ್ಟಗಳ ಗಡಿ ಒಂದೇ ಆದ್ದರಿಂದ ಒಂದೇ ರೇಖೆ ಇಬ್ಬರಿಗೂ ಆಯಿತು. ನಮಗೆ ಕೊಟ್ಟಿಗೆಯಲ್ಲಿ ದನ ಇರುವುದರಿಂದ ಇನ್ನೊಂದು ಅನುಕೂಲ: ಊದಿದ ದರಕು ಸಾಲಾಗಿ ಬಿದ್ದಿರುತ್ತದೆ, ಬುಟ್ಟಿಗೆ ತುಂಬಿಕೊಂಡು ಬಂದು ದನದ ಕಾಲಡಿಗೆ ಹಾಸಿದರಾಯಿತು. ಕಳೆ ಕೊಚ್ಚುವ ಮಷಿನ್ ಈಗ ತೋಟದಲ್ಲಿದೆ. ಅಲ್ಲಿ ನೆಲ ತಂಪು, ಹುಲ್ಲು ಹಸಿ, ಚೆನ್ನಾಗಿ ಕೆಲಸ ಮಾಡುತ್ತದೆ.