ಎರಡು ಮೆದುಳಿನ ಫೋಬೋಸ್-ಗ್ರುಂಟ್: ಮಣಿಪಾಲದ ಮಾದರಿ ಕಿಟ್ ಕೊಳ್ಳಬಹುದೇ?

ಗೆದ್ದ ಬಾಹ್ಯಾಕಾಶ ನೌಕೆಗಳ ರಟ್ಟಿನ ಮಾದರಿಗಳಿಗೆ ನಮ್ಮಲ್ಲಿ ಬರವಿಲ್ಲ. ಸೋತ ನೌಕೆಯೊಂದನ್ನು ಪೆಟ್ಟಿಗೆಯೊಳಗೆ ತುಂಬಿ ಮಾರಲು ಹೊರಟವರು ಮಾತ್ರ ಅಪರೂಪ. ಮಣಿಪಾಲದಲ್ಲಿ ಎಲೆಕ್ಟ್ರಾನಿಕ್ ಬಿಡಿಭಾಗ ಮಾರುವ ಒಂದು ಚಿಕ್ಕ ಅಂಗಡಿಯವರು ರಷ್ಯಾದ ಫೋಬೋಸ್-ಗ್ರುಂಟ್ ನೌಕೆಯ 1:25 ಪ್ರಮಾಣದ ಕಿಟ್ ತಯಾರಿಸಿದ್ದಾರೆ. ಬೆಲೆ ₹1,650. ಪಿಯುಸಿ, ಡಿಪ್ಲೊಮಾ ಮಕ್ಕಳ ವಿಜ್ಞಾನ ಮೇಳಕ್ಕೆಂದು ಮಾಡಿದ್ದು. ರಟ್ಟಿನ ಕೆಲಸಕ್ಕೆ ಎರಡು ಸಂಜೆ, ವೈರಿಂಗ್‌ಗೆ ಒಂದು ಸಂಜೆ ಸಾಕು.

ಪೆಟ್ಟಿಗೆಯಲ್ಲಿ 250 ಜಿಎಸ್ಎಂ ರಟ್ಟಿನ 9 ಹಾಳೆ, 2 ಮಿ.ಮೀ. ಎಂಡಿಎಫ್‌ನ (ಮರದ ಪುಡಿ ಒತ್ತಿ ಮಾಡಿದ ಹಲಗೆ) 7 ಬಳೆ, ಹಿತ್ತಾಳೆ ತಂತಿ, ಬೆಳ್ಳಿ ಬಣ್ಣದ ಮೈಲಾರ್, ಎರಡು ನ್ಯಾನೋ ಬೋರ್ಡು (ಪ್ರೋಗ್ರಾಮು ಓಡಿಸುವ ಪುಟ್ಟ ಕಂಪ್ಯೂಟರ್), ಒಂದು ಎಸ್‌ಜಿ90 ಸರ್ವೋ (ಹೇಳಿದಷ್ಟೇ ತಿರುಗುವ ಪುಟ್ಟ ಮೋಟಾರು), ಎರಡು ಎಲ್‌ಡಿಆರ್ (ಬೆಳಕು ಗುರುತಿಸುವ ಬಿಡಿಭಾಗ), ರಿಮೋಟಿನ ಸಂಕೇತ ಹಿಡಿಯುವ ಒಂದು ಟಿಎಸ್ಒಪಿ1738 ರಿಸೀವರ್, ಮೂರು ಎಲ್ಇಡಿ, ಒಂದು ರಿಮೋಟ್, ಕನ್ನಡದಲ್ಲೇ ಬರೆದ ಕೈಪಿಡಿ. ಬೋರ್ಡು ಒಂದಲ್ಲ, ಎರಡು. ಈ ಕಿಟ್‌ನ ಜೀವಾಳ ಇರುವುದು ಇಲ್ಲೇ, ಎಡವಟ್ಟೂ ಇಲ್ಲೇ.

ನಿಜವಾದ ನೌಕೆಯ ಕತೆ ತಿಳಿಯದಿದ್ದರೆ ಇದು ಬರೀ ಆಟಿಕೆ. ಗ್ರುಂಟ್ ಎಂದರೆ ರಷ್ಯನ್ ಭಾಷೆಯಲ್ಲಿ ಮಣ್ಣು. ಮಂಗಳನ ಉಪಗ್ರಹ ಫೋಬೋಸ್‌ಗೆ ಇಳಿದು ಸುಮಾರು 200 ಗ್ರಾಂ ಮಣ್ಣು ಹೊತ್ತು ಭೂಮಿಗೆ ಮರಳುವುದು ಅದರ ಕೆಲಸ. ಇಂಧನ ಸೇರಿ ಹದಿಮೂರೂವರೆ ಟನ್ ತೂಕ. ಚೀನಾದ ಮೊದಲ ಮಂಗಳ ನೌಕೆ ಯಿಂಗ್‌ಹುವೊ-1 ಕೂಡ ಇದರ ಹೊಟ್ಟೆಯಲ್ಲೇ ಕೂತಿತ್ತು. ನಮ್ಮ ಗಡಿಯಾರದ ಪ್ರಕಾರ 2011ರ ನವೆಂಬರ್ 9ರ ನಸುಕಿನ 1.46ಕ್ಕೆ ಕಝಾಕಸ್ತಾನದ ಬೈಕೊನೂರು ಉಡಾವಣಾ ನೆಲೆಯಿಂದ ಝೆನಿಟ್ ರಾಕೆಟ್ ಹೊರಟಿತು, ನೌಕೆಯನ್ನು 207ರಿಂದ 347 ಕಿ.ಮೀ. ಎತ್ತರದ ಕಕ್ಷೆಯಲ್ಲಿ ಚೊಕ್ಕವಾಗಿ ಬಿಟ್ಟಿತು. ಅಲ್ಲಿಂದ ಮುಂದೆ ನೌಕೆಯ ಸ್ವಂತ ಎಂಜಿನ್ ಎರಡು ಸಲ ಉರಿದು ಮಂಗಳನ ದಾರಿ ಹಿಡಿಯಬೇಕಿತ್ತು. ಮೊದಲನೆಯದೇ ಉರಿಯಲಿಲ್ಲ. ಕೈಪಿಡಿಯ 3ನೇ ಪುಟದಲ್ಲಿ ‘ಉಡಾವಣೆ ವಿಫಲವಾಯಿತು’ ಎಂದು ಅಚ್ಚಾಗಿರುವುದು ತಪ್ಪು. ರಾಕೆಟ್ ತನ್ನ ಪಾಲಿನ ಕೆಲಸ ಮುಗಿಸಿತ್ತು. ಮೇಳದಲ್ಲಿ ತೀರ್ಪುಗಾರರು ಹಿಡಿಯುವುದು ಇಂಥದ್ದನ್ನೇ, ಪೆನ್ನಿನಲ್ಲಿ ತಿದ್ದಿಟ್ಟುಕೊಳ್ಳಿ.

ರಟ್ಟಿನ ಕೆಲಸದ ಬಗ್ಗೆ ಹೆಚ್ಚು ದೂರಿಲ್ಲ. ಅಳತೆ ನಂಬುವಂತಿದೆ: ಯಿಂಗ್‌ಹುವೊ 75×75×60 ಸೆಂ.ಮೀ. ಪೆಟ್ಟಿಗೆ, ಕಿಟ್‌ನಲ್ಲಿ 30×30×24 ಮಿ.ಮೀ. ಆಗಿ ಬಂದಿದೆ, ಲೆಕ್ಕ ಸರಿ. ತೊಂದರೆ ಕೊಡುವುದು ಬುಡದ ಬಳೆಯಾಕಾರದ ಟ್ಯಾಂಕು. 24 ಹೋಳುಗಳನ್ನು ಒಂದಕ್ಕೊಂದು ಅಂಟಿಸಿ ದುಂಡಗೆ ತರಬೇಕು. ಹೋಳಿಗೆ ಅರ್ಧ ಮಿ.ಮೀ. ತಪ್ಪಿದರೂ ಕೊನೆಗೆ 12 ಮಿ.ಮೀ. ಸಂದು ಉಳಿಯುತ್ತದೆ. ಮೊದಲು ಆರಾರು ಹೋಳಿನ ನಾಲ್ಕು ತುಂಡು ಮಾಡಿ, ಎಂಡಿಎಫ್ ಬಳೆಯ ಮೇಲೆ ಕೂರಿಸಿ ನೋಡಿ, ಆಮೇಲೆ ಜೋಡಿಸಿ.

ಇನ್ನು ನಮ್ಮ ಹವೆ. ಮಳೆ ಹೊಯ್ಯುವ ಆಟಿ ತಿಂಗಳಲ್ಲಿ ಹಪ್ಪಳವೇ ಗರಿಗರಿಯಾಗಿ ಉಳಿಯದ ಊರಿನಲ್ಲಿ ರಟ್ಟು ನೆಟ್ಟಗೆ ನಿಲ್ಲುತ್ತದೆಯೇ ಮಾರಾಯ್ರೆ! ಬಿಳಿ ಅಂಟು ನೀರಿನದ್ದು, ಬಳಿದ ಬದಿಗೆ ರಟ್ಟು ಸುರುಟುತ್ತದೆ. ಸೌರಫಲಕದಂಥ ಉದ್ದ ತುಂಡುಗಳಿಗೆ ನೀರಿಲ್ಲದ ಅಂಟು ಹಾಕಿ, ಅಥವಾ ಎರಡೂ ಬದಿಗೆ ಸಮನಾಗಿ ತೆಳ್ಳಗೆ ಬಳಿದು ರಾತ್ರಿಯಿಡೀ ದಪ್ಪ ಪುಸ್ತಕದಡಿ ಇಡಿ. ಎಂಡಿಎಫ್ ತೇವ ಕುಡಿಯುವುದು ಕತ್ತರಿಸಿದ ಅಂಚಿನಿಂದ. ಅಂಚಿಗೆ ಎರಡು ಕೋಟು ನೈಲ್ ಪಾಲಿಶ್ ಹೊಡೆದರೆ ಊದುವುದಿಲ್ಲ. ಮಲ್ಪೆ, ಪಣಂಬೂರಿನಂಥ ಕಡಲತೀರದವರು ಇನ್ನೊಂದು ಕೆಲಸ ಮಾಡಬೇಕು: ಬೋರ್ಡಿನ ಪಿನ್ನುಗಳಿಗೆ ಬರೀ ಜಂಪರ್ ತಂತಿ ಸಿಕ್ಕಿಸಿ ಬಿಡದೆ ಬೆಸುಗೆ ಹಾಕುವುದು. ಉಪ್ಪುಗಾಳಿಗೆ ಜಂಪರಿನ ಬಾಯಿ ಕೆಲವೇ ತಿಂಗಳಲ್ಲಿ ಕಿಲುಬು ಹಿಡಿದು ಸಂಪರ್ಕ ಬಿಟ್ಟು ಬಿಟ್ಟು ಬರುತ್ತದೆ.

ಈಗ ಎರಡು ಮೆದುಳಿನ ವಿಚಾರ. ಫೋಬೋಸ್-ಗ್ರುಂಟ್‌ನ ಕಂಪ್ಯೂಟರಿಗೆ ಎರಡು ವಾಹಿನಿಗಳಿದ್ದವು, ಎಂದರೆ ಒಂದೇ ಕೆಲಸ ಮಾಡುವ ಜೋಡಿ ಘಟಕಗಳು, ಒಂದು ಬಿದ್ದರೆ ಇನ್ನೊಂದು ಎತ್ತಿಕೊಳ್ಳಲಿ ಎಂದು. ತನಿಖಾ ವರದಿ ಹೇಳಿದ್ದು ಇಷ್ಟು: ಎರಡೂ ವಾಹಿನಿಗಳು ಒಮ್ಮೆಗೇ ಮರುಚಾಲನೆಯಾದವು. ನೌಕೆ ಸುರಕ್ಷಿತ ಸ್ಥಿತಿಗೆ ಜಾರಿತು, ಫಲಕಗಳನ್ನು ಸೂರ್ಯನತ್ತ ತಿರುಗಿಸಿಕೊಂಡು ಭೂಮಿಯ ಆದೇಶಕ್ಕೆ ಕಾಯುತ್ತ ಕೂತಿತು. ಕಿಟ್ ಮಾಡಿದವರು ಇದನ್ನು ಅಚ್ಚುಕಟ್ಟಾಗಿ ಹಿಡಿದಿದ್ದಾರೆ. ಎರಡು ನ್ಯಾನೋಗಳು ಪ್ರತಿ 200 ಮಿಲಿಸೆಕೆಂಡಿಗೆ ಒಂದಕ್ಕೊಂದು ಮಿಡಿತ ಕಳಿಸುತ್ತವೆ. ಒಂದು ಸೆಕೆಂಡು ಮಿಡಿತ ಬಾರದಿದ್ದರೆ ಆಚೆಯದು ಸತ್ತಿತೆಂದು ಈಚೆಯದು ಅಧಿಕಾರ ವಹಿಸಿಕೊಳ್ಳುತ್ತದೆ. ಎರಡರ ರೀಸೆಟ್ ಗುಂಡಿಯನ್ನೂ ಒಟ್ಟಿಗೆ ಒತ್ತಿದರೆ ಕಿತ್ತಳೆ ದೀಪ ಹೊತ್ತಿ, ಸರ್ವೋ ಫಲಕವನ್ನು ಬೆಳಕಿನತ್ತ ತಿರುಗಿಸಿ, ರಿಮೋಟಿಗೆ ಕಾಯುತ್ತದೆ. ಎಂಥ ಚಂದದ ಯೋಚನೆ!

ಆದರೆ ಕೈಪಿಡಿಯ ನಕ್ಷೆಯಂತೆ ಜೋಡಿಸಿದರೆ ಗುಂಡಿ ಒತ್ತುವ ಮೊದಲೇ ಕಿತ್ತಳೆ ದೀಪ ಹೊತ್ತುತ್ತದೆ. ನಕ್ಷೆಯಲ್ಲಿ ಎರಡೂ ಬೋರ್ಡಿಗೆ, ಸರ್ವೋಗೆ, ಎಲ್ಲಕ್ಕೂ ಒಂದೇ ಯುಎಸ್‌ಬಿ ತಂತಿಯ 5 ವೋಲ್ಟ್. ಎಸ್‌ಜಿ90 ತಡೆದು ನಿಂತಾಗ 650 ಮಿಲಿಆಂಪ್ ಹತ್ತಿರ ಎಳೆಯುತ್ತದೆ, ಲ್ಯಾಪ್‌ಟಾಪಿನ ಯುಎಸ್‌ಬಿ 2.0 ಕಿಂಡಿಯ ಮಿತಿ 500. ವೋಲ್ಟೇಜ್ ಒಂದು ಗಳಿಗೆ ಕುಸಿಯುತ್ತದೆ, ಎರಡೂ ಬೋರ್ಡು ಒಟ್ಟಿಗೆ ಮರುಚಾಲನೆಯಾಗುತ್ತವೆ. ಮಲ್ಟಿಮೀಟರಿನಲ್ಲಿ ಈ ಕುಸಿತ ಕಾಣುವುದಿಲ್ಲ, ಅಷ್ಟು ಕ್ಷಣಿಕ. ಪತ್ತೆಹಚ್ಚಲು ಸುಲಭ ಉಪಾಯ: ಸರ್ವೋದ ಬಿಳಿ ತೋಳನ್ನು ಬೆರಳಲ್ಲಿ ಮೆಲ್ಲಗೆ ತಡೆಯಿರಿ. ಎರಡೂ ಬೋರ್ಡಿನ ‘ಎಲ್’ ದೀಪ ಪಟಪಟನೆ ಮಿನುಗಿದರೆ ಎರಡೂ ಬಿದ್ದು ಎದ್ದಿವೆ ಎಂದೇ ಅರ್ಥ.

ಪರಿಹಾರ ಅಗ್ಗದ್ದು. ಸರ್ವೋದ ಕೆಂಪು-ಕಂದು ತಂತಿಗಳ ನಡುವೆ 470 ಮೈಕ್ರೋಫ್ಯಾರಡ್, 16 ವೋಲ್ಟಿನ ಕೆಪಾಸಿಟರ್ ಹಾಕಿ. ಬಿಳಿ ಪಟ್ಟಿಯ ಕಾಲು ಕಂದು ತಂತಿಗೆ, ತಿರುವಿದರೆ ಸಿಡಿಯುತ್ತದೆ. ಸರ್ವೋಗೆ ಬೇರೆಯೇ 5 ವೋಲ್ಟ್, 1 ಆಂಪಿನ ಅಡಾಪ್ಟರ್ ಕೊಡಿ. ಎರಡನೇ ನ್ಯಾನೋಗೂ ಸ್ವಂತ ವಿದ್ಯುತ್ ಕೊಡಿ. ಗ್ರೌಂಡ್ ಮಾತ್ರ ಎಲ್ಲವಕ್ಕೂ ಒಂದೇ ಇರಲಿ, ಇಲ್ಲದಿದ್ದರೆ ಮಿಡಿತ ಅರ್ಥವಾಗುವುದಿಲ್ಲ. ಇಷ್ಟಾದ ಮೇಲೆ ಮೊದಲ ಬೋರ್ಡಿನ ತಂತಿ ಕಿತ್ತರೆ ಎರಡನೆಯದು ನಿಜಕ್ಕೂ ನಿಂತು ಕೆಲಸ ಮಾಡುತ್ತದೆ.

ಹಾಗೆ ಮಾಡಿಯೂ ಮಾದರಿ ಚಾಲೂ ಮಾಡಿದ 33ನೇ ಸೆಕೆಂಡಿಗೆ ಕಿತ್ತಳೆ ದೀಪ ಹೊತ್ತಿದರೆ ವೈರಿಂಗನ್ನು ಶಪಿಸಬೇಡಿ, ದೋಷ ಪ್ರೋಗ್ರಾಮಿನದ್ದು. ಅಂಗಡಿಯವರು ಕೊಡುವ ಕೋಡಿನಲ್ಲಿ ಕೊನೆಯ ಮಿಡಿತದ ಸಮಯವನ್ನು ‘ಇಂಟ್’ ಎಂಬ ಚಿಕ್ಕ ಪೂರ್ಣಾಂಕವಾಗಿ ಘೋಷಿಸಿದ್ದಾರೆ. ನ್ಯಾನೋದಲ್ಲಿ ಇಂಟ್ 16 ಬಿಟ್, ಹಿಡಿಯುವುದು 32,767ರ ತನಕ. ಮಿಲಿಸೆಕೆಂಡಿನ ಲೆಕ್ಕದಲ್ಲಿ ಅದು 32.8 ಸೆಕೆಂಡು. ಅದು ದಾಟಿದೊಡನೆ ಸಂಖ್ಯೆ ಋಣವಾಗಿ, ಕಳೆಯುವ ಲೆಕ್ಕ ತಲೆಕೆಳಗಾಗಿ, ಪ್ರತಿ ಬೋರ್ಡಿಗೂ ಆಚೆಯದು ಸತ್ತಂತೆ ಕಾಣುತ್ತದೆ. ಎರಡರಲ್ಲೂ ಒಂದೇ ಕೋಡು, ಎರಡನ್ನೂ ಒಂದೇ ಗಳಿಗೆಗೆ ಚಾಲೂ ಮಾಡಿದ್ದು, ಹಾಗಾಗಿ ಎರಡಕ್ಕೂ ಒಂದೇ ಗಳಿಗೆಗೆ ಭ್ರಮೆ. ‘ಇಂಟ್’ ಅಳಿಸಿ, ದೊಡ್ಡ ಸಂಖ್ಯೆ ಹಿಡಿಯುವ ‘ಅನ್‌ಸೈನ್ಡ್ ಲಾಂಗ್’ ಎಂದು ಬರೆದರೆ ಮುಗಿಯಿತು. 1996ರ ಜೂನ್ 4ರಂದು ಏರಿಯಾನ್-5 ರಾಕೆಟ್ ಮೊದಲ ಹಾರಾಟದಲ್ಲೇ ಛಿದ್ರವಾದದ್ದೂ 16 ಬಿಟ್ ಪೂರ್ಣಾಂಕದಲ್ಲಿ ಹಿಡಿಸದ ಒಂದು ಸಂಖ್ಯೆಯಿಂದ. ಅಲ್ಲಿ ಮೀಸಲು ಘಟಕದಲ್ಲೂ ಅದೇ ತಂತ್ರಾಂಶ, ಮುಖ್ಯ ಘಟಕಕ್ಕಿಂತ ಒಂದು ಕ್ಷಣ ಮೊದಲೇ ಅದು ಕೈಚೆಲ್ಲಿತ್ತು.

ಆ ಸಾಲನ್ನು ಅಂಗಡಿಯವರು ತಿಳಿಯದೆ ಬರೆದರೋ, ತಿಳಿದೇ ಬಿಟ್ಟರೋ! ಪಾಠಕ್ಕೆಂದೇ ಬಿಟ್ಟಿದ್ದರೆ ಕೈಪಿಡಿಯ ಕೊನೆಗೆ ಉತ್ತರ ಇರಬೇಕಿತ್ತು, ಇಲ್ಲ. ಬದಲಿಗೆ ‘ಕಾಸ್ಮಿಕ್ ಕಿರಣ ಬಡಿದು ನೌಕೆ ಹಾಳಾಯಿತು’ ಎಂದು ಒಂದೇ ಸಾಲಿನಲ್ಲಿ ಕೈತೊಳೆದುಕೊಂಡಿದ್ದಾರೆ. ರಷ್ಯಾದ ಅಧಿಕೃತ ವರದಿ ಭಾರವಾದ ವಿದ್ಯುದಾವೇಶಿತ ಕಣಗಳ ಕಡೆ ಬೆರಳು ತೋರಿಸಿದ್ದು ಹೌದು. ಬಾಹ್ಯಾಕಾಶಕ್ಕೆ ತಕ್ಕದ್ದಲ್ಲದ ಮೆಮೊರಿ ಚಿಪ್‌ಗಳನ್ನು ಬಳಸಿದ್ದೂ ಹೌದು. ಆದರೆ ಭೂಮಿಯನ್ನು ಸುತ್ತುವರಿದ ವಿಕಿರಣ ಪಟ್ಟಿಗಳ ಕೆಳಗೆ, ಹಾರಿದ ಕೆಲವೇ ಗಂಟೆಯೊಳಗೆ, ಎರಡು ವಾಹಿನಿಗಳ ಚಿಪ್‌ಗಳಿಗೂ ಒಟ್ಟಿಗೇ ಕಣ ಬಡಿಯಿತು ಎಂಬುದನ್ನು ಪರಿಣತರಲ್ಲಿ ಹಲವರು ಒಪ್ಪಲಿಲ್ಲ. ಎರಡಕ್ಕೂ ಸಮಾನವಾದ ಯಾವುದೋ ವಿನ್ಯಾಸದ ಹುಳುಕು, ಸಾಲದ ಪರೀಕ್ಷೆ ಎಂಬ ಅನುಮಾನವೇ ಹೆಚ್ಚು ಸಹಜ. ಈ ಕಿಟ್‌ನ ಯುಎಸ್‌ಬಿ ತಂತಿ, ಇಂಟ್ ಎರಡೂ ಅದನ್ನೇ ಮೇಜಿನ ಮೇಲೆ ತೋರಿಸುತ್ತವೆ. ತಮ್ಮ ಸಾಮಾನಿನ ನಿಜವಾದ ಬೆಲೆ ಮಾಡಿದವರಿಗೇ ಗೊತ್ತಿಲ್ಲ.

ರಿಮೋಟಿನ ವಿಚಾರವೂ ಹೀಗೇ. ಅದರ ಅತಿಗೆಂಪು (ಐಆರ್) ಎಲ್ಇಡಿಯ ಕಿರಣ ತೀರಾ ಕಿರಿದು. ಮಾದರಿಯನ್ನು ತಿರುಗುವ ಪೀಠದ ಮೇಲಿಟ್ಟರೆ ಹತ್ತರಲ್ಲಿ ಒಂಬತ್ತು ಸಲ ಆದೇಶ ತಲುಪುವುದಿಲ್ಲ. ಎಲ್ಇಡಿಯ ಗುಮ್ಮಟದಂಥ ತುದಿಯನ್ನು ನಯವಾದ ಮರಳು ಕಾಗದದಿಂದ ಉಜ್ಜಿ ಮಸುಕು ಮಾಡಿ. ಬೆಳಕು ಅಗಲಕ್ಕೆ ಹರಡುತ್ತದೆ, ದೂರ ಕಡಿಮೆಯಾಗುತ್ತದೆ, ಮೇಜಿನ ಮೇಲಿನ ಆಟಕ್ಕೆ ಅಷ್ಟು ಸಾಕು. ನಿಜವಾದ ನೌಕೆಗೂ ಮಾಡಿದ್ದು ಇದನ್ನೇ. ಅದರ ರೇಡಿಯೋ ದೂರದ ಅಂತರಿಕ್ಷಕ್ಕೆಂದು ಮಾಡಿದ್ದು. ತಲೆಯ ಮೇಲೆ ಕೆಲವೇ ನಿಮಿಷದಲ್ಲಿ ಓಡಿ ಮರೆಯಾಗುವ ಸ್ಥಿತಿಗೆ ಅಲ್ಲ. ಯುರೋಪಿನ ಬಾಹ್ಯಾಕಾಶ ಸಂಸ್ಥೆಯವರು ಆಸ್ಟ್ರೇಲಿಯಾದ ಪರ್ತ್‌ನಲ್ಲಿದ್ದ 15 ಮೀಟರ್ ಆಂಟೆನಾದ ಬದಿಗೆ ಚಿಕ್ಕ ಕಹಳೆಯಂಥ ಆಂಟೆನಾ ಕಟ್ಟಿ, ಕ್ಷೀಣ ಸಂಕೇತವನ್ನು ಅಗಲಕ್ಕೆ ಹರಡಿ, ನವೆಂಬರ್ 22ರಂದು ಒಂದು ಉತ್ತರ ಪಡೆದರು. ನೌಕೆಯನ್ನು ಉಳಿಸಿಕೊಳ್ಳಲು ಅದು ಸಾಲಲಿಲ್ಲ. 2012ರ ಜನವರಿ 15ರಂದು ಪೆಸಿಫಿಕ್ ಸಾಗರದ ಮೇಲೆ ಉರಿದು ಬಿತ್ತು.

ಕೈಪಿಡಿಯ ಹಿಂಬದಿಯಲ್ಲಿ ಅದಮಾರಿನ, ಇಸ್ರೋದ ಅಧ್ಯಕ್ಷರಾಗಿದ್ದ ಯು. ಆರ್. ರಾವ್ ಅವರ ಚಿತ್ರ ಹಾಕಿದ್ದಾರೆ. ಉಡುಪಿಯ ಕಿಟ್, ಹಾಕಲಿ. ಆದರೆ ಚಿತ್ರದ ಕೆಳಗೆ ಮಂಗಳಯಾನದ್ದು ‘ಒಂದೂ ಅಡಚಣೆಯಿಲ್ಲದ ಪಯಣ’ ಎಂದು ಬರೆದದ್ದು ಸರಿಯಲ್ಲ, ಅದಕ್ಕಿಂತ ಸ್ವಾರಸ್ಯದ್ದು ಅಲ್ಲಿ ನಡೆದಿದೆ. 2013ರ ನವೆಂಬರ್ 11ರಂದು ನಾಲ್ಕನೇ ಸಲ ಕಕ್ಷೆ ಎತ್ತರಿಸುವಾಗ ಸೆಕೆಂಡಿಗೆ 130 ಮೀಟರ್ ವೇಗ ಕೂಡಬೇಕಿತ್ತು, ಕೂಡಿದ್ದು 35 ಮಾತ್ರ. ಎಂಜಿನ್ನಿಗೆ ಇಂಧನ ಬಿಡುವ ಕವಾಟದ ಮುಖ್ಯ ಸುರುಳಿ, ಮೀಸಲು ಸುರುಳಿ ಎರಡಕ್ಕೂ ಒಟ್ಟಿಗೆ ವಿದ್ಯುತ್ ಕೊಟ್ಟು ಪರೀಕ್ಷಿಸಿದಾಗ ಹರಿವೇ ನಿಂತುಹೋಯಿತು. ಒಂದೊಂದಾಗಿ ಕೊಟ್ಟಾಗ ಸರಿಯಿತ್ತು. ಹಂತ ಹಂತವಾಗಿ ಏರುವ ಯೋಜನೆಯಾದ್ದರಿಂದ, ಕೇಂದ್ರದ ಕಣ್ಣೆದುರೇ ಎಲ್ಲ ನಡೆಯುತ್ತಿದ್ದುದರಿಂದ, ಮರುದಿನವೇ ಇನ್ನೊಮ್ಮೆ ಎಂಜಿನ್ ಉರಿಸಿ ಕಕ್ಷೆಯ ದೂರದ ತುದಿಯನ್ನು 1,18,642 ಕಿ.ಮೀ.ಗೆ ಮುಟ್ಟಿಸಿದರು. ಫೋಬೋಸ್-ಗ್ರುಂಟ್‌ನ ಮೊದಲ ದಹನ ನಡೆಯಬೇಕಿದ್ದದ್ದು ರಷ್ಯಾದ ನೆಲಕೇಂದ್ರಗಳಿಗೆ ಕಾಣದ ದಕ್ಷಿಣ ಅಮೆರಿಕದ ಆಕಾಶದಲ್ಲಿ. ಈ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟಿದ್ದರೆ ಕೈಪಿಡಿಯ ದುಡ್ಡು ಅಲ್ಲೇ ವಸೂಲಾಗುತ್ತಿತ್ತು.

ಕೊಳ್ಳಬಹುದೇ? ಬೆಸುಗೆ ಕಡ್ಡಿ ಹಿಡಿದು ಗೊತ್ತಿದ್ದರೆ, ಧಾರಾಳವಾಗಿ. ಕೆಪಾಸಿಟರ್, ಅಡಾಪ್ಟರುಗಳಿಗೆ ಇನ್ನೊಂದು ₹300 ಎತ್ತಿಡಿ. ಎಂಟು-ಒಂಬತ್ತನೇ ಇಯತ್ತೆಯ ಮಕ್ಕಳಿಗೆ ಜತೆಗೆ ದೊಡ್ಡವರೊಬ್ಬರು ಬೇಕೇ ಬೇಕು. ಬರೀ ಶೋಕೇಸಿಗೆ ಬೇಕೆನ್ನುವವರಿಗೆ ದುಬಾರಿ.

ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಪೆಟ್ಟಿಗೆ ಬಿಚ್ಚಿ 6ನೇ ಹಾಳೆ ನೋಡಿ. ಮಣ್ಣು ತರುವ ಚಿಕ್ಕ ಶಂಕುವಿನ ಮುಚ್ಚಳ ಅದರ ಬಲ ಮೂಲೆಯಲ್ಲಿದೆ, ಕೆಲವು ಪೆಟ್ಟಿಗೆಗಳಲ್ಲಿ ಲೇಸರ್ ಪೂರ್ತಿ ಕತ್ತರಿಸಿಲ್ಲ. ಎರಡೂ ನ್ಯಾನೋಗಳನ್ನು ಅವರ ಕಂಪ್ಯೂಟರಿಗೆ ಸಿಕ್ಕಿಸಿ ಕೋಡು ಏರಿಸಿ ನೋಡಲು ಹೇಳಿ. ಏರದಿದ್ದರೆ ಕೋಡು ಏರಿಸುವ ತಂತ್ರಾಂಶದ ಪ್ರೊಸೆಸರ್ ಪಟ್ಟಿಯಲ್ಲಿ ‘ಓಲ್ಡ್ ಬೂಟ್‌ಲೋಡರ್’ ಆರಿಸಬೇಕು. ಟ್ಯಾಂಕಿನ ನಾಲ್ಕು ಅಯಸ್ಕಾಂತಗಳನ್ನು ಅಂಟಿಸುವಾಗ ಧ್ರುವ ನೋಡಿಕೊಳ್ಳಿ, ಒಂದು ತಿರುವಿದರೂ ಟ್ಯಾಂಕು ಓರೆಯಾಗಿ ನಿಲ್ಲುತ್ತದೆ.