ಕಾಣದ ಯುದ್ಧ, ಆದರೂ ನೋಡಿ

2019ರ ಏಪ್ರಿಲ್ 29. ಬದಿಯಡ್ಕದ ನಮ್ಮ ಚಾವಡಿಯಲ್ಲಿ ಬೆಳಗ್ಗೆಯೇ ಕಿಟಕಿ ಮುಚ್ಚಿ ಕೂತೆವು. ಗೇಮ್ ಆಫ್ ಥ್ರೋನ್ಸ್ ಎಂಬ ಇಂಗ್ಲಿಷ್ ಧಾರಾವಾಹಿ, 8ನೇ ಸೀಸನ್ನಿನ 3ನೇ ಕಂತು; ಸತ್ತವರ ಸೇನೆಯ ಜೊತೆ ರಾತ್ರಿಯ ಯುದ್ಧ. 82 ನಿಮಿಷದಲ್ಲಿ ಅರ್ಧ ಹೊತ್ತು ಟಿವಿಯಲ್ಲಿ ಕಂಡದ್ದು ನಮ್ಮದೇ ಮುಖ! "ಕರೆಂಟು ಹೋಯ್ತಾ?" ಅಂತ ಒಳಗಿನಿಂದ ಅಮ್ಮ. ಬರೀ ಕತ್ತಲೆ, ಏನೂ ಕಾಣಲ್ಲ ಅಂತ ಊರೂರಿನ ಅಭಿಮಾನಿಗಳದ್ದೂ ಇದೇ ದೂರು. ನಿಮ್ಮ ಟಿವಿ ಸರಿ ಮಾಡಿಕೊಳ್ಳಿ ಎಂದರು ಛಾಯಾಗ್ರಾಹಕರು. ಯಕ್ಷಗಾನದಲ್ಲೂ ರಾತ್ರಿಯಿಡೀ ಯುದ್ಧ, ಆದರೆ ವೇಷ ಕಾಣುತ್ತದೆ, ಅಲ್ವಾ?

ಆದರೂ ಆ ಒಂದು ದೃಶ್ಯ. ದೋತ್ರಾಕಿ ಎಂಬ ಪಡೆಯ ಕುದುರೆ ಸವಾರರ ಉರಿಯುವ ಕತ್ತಿಗಳು ಕತ್ತಲೊಳಗೆ ನುಗ್ಗಿದವು. ದೂರದಲ್ಲಿ ಒಂದೊಂದಾಗಿ ಆರಿದವು. ಸದ್ದೇ ಇಲ್ಲ. ಭಾವನ ಕೈಯ ಹಲಸಿನ ಹಪ್ಪಳ ಬಾಯಿಗೆ ಹೋಗಲೇ ಇಲ್ಲ. ಕೊನೆಗೆ ಸತ್ತವರ ಸೇನೆಯ ರಾಜನ ಮೇಲೆ ಆರ್ಯಾ ಎಂಬ ಹುಡುಗಿ ಹಾರಿ ಅವನನ್ನು ಮುಗಿಸಿದಾಗ ತಂಗಿ ಕುಣಿದಳು. "ಹಾಗಾದ್ರೆ ನಾಯಕ ಜಾನ್ ಸ್ನೋ ಸತ್ತು ಬದುಕಿ ಬಂದದ್ದು ಸುಮ್ನೆಯಾ?" ಅಂತ ಭಾವ ಇವತ್ತಿಗೂ ಜಗಳಕ್ಕೆ ಬರುತ್ತಾನೆ.