ಅಂತರಸನಹಳ್ಳಿಯ ಫೈಬರ್ ವರ್ಕ್‌ಶಾಪ್: ವೇಗದ ದೋಣಿಗೆ ಒಪ್ಪುವ ತಳ

ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಫೈಬರ್ ವರ್ಕ್‌ಶಾಪೊಂದರಲ್ಲಿ ನಾವು ಮಾಡಿಸಿದ 14 ಅಡಿಯ ಮೋಟಾರ್ ದೋಣಿಯ ತಳ ನಿಜಕ್ಕೂ ಮೆಚ್ಚುವಂತಿದೆ. ವೇಗದ ದೋಣಿ ನೀರಿನ ಮೇಲೆದ್ದು ಜಾರಬೇಕಾದ್ದರಿಂದ ತಳದ ಹಿಂಭಾಗ ಉದ್ದಕ್ಕೂ ನೇರವಾಗಿರಬೇಕು. ಅಲ್ಲಿ ಹಿಂದಂಚು ಕೆಳಕ್ಕೆ ಬಾಗಿದ್ದರೆ ಮೂತಿ ನೀರಿಗೆ ಒತ್ತಿಕೊಳ್ಳುತ್ತದೆ, ಮೇಲಕ್ಕೆ ಬಾಗಿದ್ದರೆ ಕುಣಿಯತೊಡಗುತ್ತದೆ. ಮೇಸ್ತ್ರಿಯವರು ಅಚ್ಚಿನ ಮೇಲೆ ಮಟ್ಟಗೋಲು ಇಟ್ಟು, ಬೆಳಕು ನುಸುಳಿದ ಕಡೆಯಲ್ಲೆಲ್ಲ ಪುಟ್ಟಿ ತುಂಬಿ ಉಜ್ಜಿದರು. ತಳವೂ ಪಕ್ಕೆಯೂ ಕೂಡುವ ಅಂಚುಗಳನ್ನು ದುಂಡಗೆ ಮಾಡದೆ ಚೂಪಾಗಿ ಉಳಿಸಿದ್ದು ಇನ್ನೂ ಮುಖ್ಯ, ಏಕೆಂದರೆ ನೀರು ಅಲ್ಲಿಯೇ ಕಳಚಿಕೊಳ್ಳದಿದ್ದರೆ ಪಕ್ಕೆಗೆ ಅಂಟಿಕೊಂಡು ವೇಗವನ್ನು ಕುಗ್ಗಿಸುತ್ತದೆ. ತಳದ ಕೋನವನ್ನು, ಅಂದರೆ V ಆಕಾರದ ತಳ ನಡುಗೆರೆಯಿಂದ ಪಕ್ಕಕ್ಕೆ ಏರುವ ಓರೆಯನ್ನು, 20 ಡಿಗ್ರಿಯಿಂದ 12ಕ್ಕೆ ಇಳಿಸಲು ಅವರು ಕೊಟ್ಟ ಸಲಹೆಯೂ ಸರಿಯೇ. ಕಡಲಲೆಗೆ ಬೇಕಾಗುವ ಕಡಿದಾದ ತಳ ನಮ್ಮ ಕೆರೆಗಳ ತಿಳಿನೀರಿಗೆ ಅಗತ್ಯವಿಲ್ಲ. ಒಳಮೈಯಲ್ಲಿ ಮಾತ್ರ ರೆಸಿನ್ (ಫೈಬರ್ ಪದರಗಳನ್ನು ಬೆಸೆಯುವ ಅಂಟು ದ್ರವ) ಅಲ್ಲಲ್ಲಿ ಮಡುಗಟ್ಟಿ ತೂಕ ಹೆಚ್ಚಿದೆ. ಕೆಲಸ ಕೊಡುವವರು ರೆಸಿನ್ ಪ್ರಮಾಣವನ್ನು ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು.